ಎರಡು ತಿಂಗಳ ಮರಿ ಮನೆಗೆ ಬಂದಿದೆ, ನಾಯಿ ಸಾಕಿ ಅಭ್ಯಾಸ ಇಲ್ಲ. ದಾರಿ ಹೇಳಿ

ರಂಗೋಲಿ ದಾವಣಗೆರೆ
ಮೊದಲ ದಿನ, ರಾತ್ರಿ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ವಿದ್ಯಾನಗರದ ಕಡೆ. ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದಾರೆ. ಅಲ್ಲಿ ಮರಳಿನ ಗುಡ್ಡೆಯ ಹಿಂದೆ ಒಂದು ಬೀದಿನಾಯಿ ಮರಿ ಹಾಕಿತ್ತು. ಹೋದ ವಾರ ತಾಯಿ ಟಿಪ್ಪರಿಗೆ ಸಿಕ್ಕಿ ಸತ್ತುಹೋಯಿತು. ಮೂರು ಮರಿಗಳಲ್ಲಿ ಎರಡು ಗಂಡು, ಅವನ್ನು ಕೆಲಸದವರು ಊರಿಗೆ ಒಯ್ದರು. ಉಳಿದದ್ದು ಹೆಣ್ಣು. ಹೆಣ್ಣು ಅಂತ ಯಾರೂ ಮುಟ್ಟಲಿಲ್ಲ. ನನ್ನ ಮಗ ಅದನ್ನು ಸ್ಕೂಲ್ ಬ್ಯಾಗಿನಲ್ಲಿ ಇಟ್ಟುಕೊಂಡು ಬಂದ. ಮೈಬಣ್ಣ ಕೆಂಚು, ಹಾಗಾಗಿ ಹೆಸರು ಕೆಂಚಿ.

ಬಂದು ಐದು ದಿನವಾಯಿತು. ನಮ್ಮಲ್ಲಿ ಯಾರಿಗೂ ನಾಯಿ ಸಾಕಿ ಗೊತ್ತಿಲ್ಲ. ಎಲ್ಲೆಂದರಲ್ಲಿ ಉಚ್ಚೆ ಮಾಡುತ್ತಾಳೆ. ನಿನ್ನೆ ದೇವರ ಮನೆ ಹೊಸ್ತಿಲ ಮುಂದೆಯೇ ಆಯಿತು, ಅತ್ತೆ ಆಮೇಲೆ ನನ್ನ ಜೊತೆ ಸರಿಯಾಗಿ ಮಾತಾಡಿಲ್ಲ. ರಾತ್ರಿ ಪಡಸಾಲೆಯಲ್ಲಿ ರಟ್ಟಿನ ಡಬ್ಬದಲ್ಲಿ ಮಲಗಿಸಿ ಬಾಗಿಲು ಹಾಕುತ್ತೇವೆ. ಹನ್ನೊಂದಕ್ಕೆ ಶುರುವಾದ ಅಳು ಮೂರರವರೆಗೂ ನಿಲ್ಲುವುದಿಲ್ಲ. ಮಗನ ಕೈ, ನನ್ನ ಸೀರೆ ಅಂಚು, ಏನು ಸಿಕ್ಕರೂ ಕಚ್ಚುತ್ತಾಳೆ. ಇವತ್ತು ಮಗನ ಬೆರಳಲ್ಲಿ ಒಂದು ಹನಿ ರಕ್ತ ಬಂತು. ಹಾಲಲ್ಲಿ ರೊಟ್ಟಿ ನೆನೆಸಿ ಕೊಡುತ್ತಿದ್ದೇವೆ, ಎರಡು ದಿನದಿಂದ ಭೇದಿ. ಇನ್ನೂ ಯಾವ ಇಂಜೆಕ್ಷನ್ನೂ ಹಾಕಿಸಿಲ್ಲ.

ಅವಳನ್ನು ವಾಪಸ್ ಆ ಮರಳಿನ ಮೇಲೆ ಬಿಡುವ ಮನಸ್ಸು ನನಗಿಲ್ಲ. ಏನು ಮಾಡಲಿ, ಎಲ್ಲಿಂದ ಶುರು ಮಾಡಲಿ, ಹೇಳಿ.

ಕಲ್ಲಿನಕೋಟೆ
ಮೊದಲ ದಿನ, ರಾತ್ರಿ

ಅಕ್ಕಾ, ನಾನು ಚಿತ್ರದುರ್ಗ. ಇಪ್ಪತ್ತು ವರ್ಷದಲ್ಲಿ ನಾಲ್ಕು ನಾಯಿ ಸಾಕಿದ್ದೇನೆ, ನಾಲ್ಕೂ ಬೀದಿಯವೇ.

ಮೊದಲು ಹಾಲು ನಿಲ್ಲಿಸಿ. ತಾಯಿ ಹಾಲು ಬೇರೆ, ಹಸುವಿನ ಹಾಲು ಬೇರೆ. ಎಷ್ಟೋ ಮರಿಗಳಿಗೆ ಅದು ಜೀರ್ಣ ಆಗುವುದಿಲ್ಲ, ಭೇದಿಗೆ ಅದೇ ಕಾರಣ ಇರಬಹುದು. ಜಂತುಹುಳ ಇದ್ದರೂ ಹೀಗೇ ಆಗುತ್ತದೆ. ನಾಳೆ ಬೆಳಿಗ್ಗೆ ಪಶು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅಲ್ಲಿ ನೆಲಕ್ಕೆ ಮಾತ್ರ ಇಳಿಸಬೇಡಿ. ಮಡಿಲಲ್ಲೇ ಇಟ್ಟುಕೊಳ್ಳಿ, ಕಾಯಿಲೆ ನಾಯಿಗಳು ಬಂದು ಹೋಗುವ ಜಾಗ ಅದು.

ಇನ್ನು ರಾತ್ರಿ ಅಳು. ಹೋದ ವಾರದವರೆಗೆ ಆ ಮರಿ ತಾಯಿ ಹೊಟ್ಟೆಗೆ ಅಂಟಿಕೊಂಡು, ಅಕ್ಕಪಕ್ಕ ಅಣ್ಣತಮ್ಮಂದಿರ ಜೊತೆ ಮಲಗಿತ್ತು ಅಲ್ವಾ. ಈಗ ಕತ್ತಲಲ್ಲಿ ಒಂದೇ. ಡಬ್ಬವನ್ನು ನಿಮ್ಮ ಹಾಸಿಗೆ ಪಕ್ಕಕ್ಕೆ ತನ್ನಿ. ಒಂದು ಹಳೆ ಕೌದಿ ಹಾಕಿ. ಅತ್ತಾಗ ಕೈ ಇಳಿಬಿಟ್ಟು ಮೂಗಿನ ಹತ್ತಿರ ಇಟ್ಟರೆ ಸಾಕು. ಹೀಗೆ ಮಾಡಿದರೆ ಮರಿ ಕೆಡುತ್ತದೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಹತ್ತು ಹದಿನೈದು ದಿನ ಕಳೆದ ಮೇಲೆ ಡಬ್ಬವನ್ನು ದಿನಕ್ಕೆ ಒಂದೊಂದು ಗೇಣು ದೂರ ಸರಿಸಿ.

ನಿಟುವಳ್ಳಿ ಮೇಷ್ಟ್ರು
ಎರಡನೇ ದಿನ, ಬೆಳಿಗ್ಗೆ

ನಾನು ಸ್ವಲ್ಪ ಬೇರೆ ಹೇಳುತ್ತೇನೆ, ತಪ್ಪು ತಿಳಿಯಬೇಡಿ. ಜಾಸ್ತಿ ಮುದ್ದು ಮಾಡಿದರೆ ಮುಂದೆ ತೊಂದರೆ ನಿಮಗೇ. ಒಳಗೆ ಉಚ್ಚೆ ಮಾಡಿದರೆ ಮೂಗನ್ನು ಅದಕ್ಕೆ ಮುಟ್ಟಿಸಿ, ಪೇಪರ್ ಸುರುಳಿ ಮಾಡಿ ಬೆನ್ನಿಗೆ ಒಂದು ಕೊಡಿ. ಪೇಪರಿನಿಂದ ನೋವಾಗುವುದಿಲ್ಲ, ಸದ್ದು ಮಾತ್ರ. ನಾಲ್ಕು ದಿನದಲ್ಲಿ ಕಲಿಯುತ್ತದೆ. ನಾವು ಹೀಗೆಯೇ ಬೆಳೆಸಿದ್ದು. ಮತ್ತೆ ಈ ಇಂಜೆಕ್ಷನ್ನು ಅದು ಇದು ಎಲ್ಲ ನಮ್ಮ ಕಾಲದ ಹಳ್ಳಿ ನಾಯಿಗಳಿಗೆ ಎಲ್ಲಿತ್ತು?

ಹರಿಹರ ಪಶುವೈದ್ಯೆ
ಎರಡನೇ ದಿನ, ಬೆಳಿಗ್ಗೆ

ಮರಿಯ ವಿಷಯ ಆಮೇಲೆ. ಮೊದಲು ಮಗನ ಬೆರಳು.

ಅಮ್ಮಾ, ರಕ್ತ ಬಂದಿದೆ ಅಂದಿರಿ. ತಾಯಿಗೆ ಲಸಿಕೆ ಆಗಿತ್ತೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಎರಡು ತಿಂಗಳ ಮರಿಗೂ ರೇಬೀಸ್ ಇರಬಹುದು. ಹಾಲುಹಲ್ಲು, ಆಟಕ್ಕೆ ಕಚ್ಚಿದ್ದು ಅಂತ ಸುಮ್ನೆ ಬಿಡಬೇಡಿ. ಗಾಯವನ್ನು ನಲ್ಲಿ ನೀರು ಬಿಟ್ಟು, ಸೋಪು ಹಚ್ಚಿ, 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡು ತೊಳೆಯಿರಿ, ಏಕೆಂದರೆ ಎಲ್ಲರೂ ಎರಡು ನಿಮಿಷಕ್ಕೇ ನಿಲ್ಲಿಸುತ್ತಾರೆ. ಅರಿಶಿನ, ಸುಣ್ಣ, ಖಾರದ ಪುಡಿ ಯಾವುದೂ ಹಚ್ಚಬೇಡಿ. ಇವತ್ತೇ ಜಿಲ್ಲಾ ಆಸ್ಪತ್ರೆಗೆ ಹೋಗಿ. ಮೊದಲ ದಿನ, 3, 7 ಮತ್ತು 28ನೇ ದಿನ ರೇಬೀಸ್ ಲಸಿಕೆಯನ್ನು ಚರ್ಮದೊಳಗೆ ಹಾಕುವ ಕ್ರಮ ಇದೆ. ಸ್ನಾಯುವಿಗೆ ಹಾಕಿದರೆ 14ನೇ ದಿನವೂ ಸೇರುತ್ತದೆ. ರಕ್ತ ಬಂದ ಗಾಯಕ್ಕೆ ಅದರ ಸುತ್ತ ಇನ್ನೊಂದು ಇಂಜೆಕ್ಷನ್ ಬೇಕು, ಅದನ್ನೂ ಕೇಳಿ. ಮರಿಯ ಮೇಲೆ ಹತ್ತು ದಿನ ಕಣ್ಣಿಟ್ಟಿರಿ. ರೇಬೀಸ್ ಲಕ್ಷಣ ಶುರುವಾದ ಮೇಲೆ ಯಾವ ಡಾಕ್ಟರ ಕೈಯಲ್ಲೂ ಏನೂ ಉಳಿಯುವುದಿಲ್ಲ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಈಗ ಮರಿ. ಇವತ್ತು ಜಂತುಹುಳದ ಔಷಧಿ ಕೊಡಿಸಿ. ಮೂರು ತಿಂಗಳಾಗುವವರೆಗೆ ಹದಿನೈದು ದಿನಕ್ಕೊಮ್ಮೆ, ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ. ಭೇದಿ ನಿಂತ ಮೇಲೆ ಮೊದಲ ಲಸಿಕೆ. ಅದು ಪಾರ್ವೋ (ವಾಂತಿ, ರಕ್ತಭೇದಿ ತರುವ ರೋಗ), ಡಿಸ್ಟೆಂಪರ್ ಇತ್ಯಾದಿ ರೋಗಗಳಿಗೆ ಸೇರಿಸಿ ಹಾಕುವ ಒಂದೇ ಸೂಜಿ. ಮೂರು ನಾಲ್ಕು ವಾರಕ್ಕೊಮ್ಮೆ ಮತ್ತೆ ಹಾಕಿಸಬೇಕು, ಮರಿಗೆ 16 ವಾರ ತುಂಬುವವರೆಗೆ. ಒಂದೇ ಸಲ ಹಾಕಿದರೆ ಸಾಲದಾ ಅಂತ ಎಲ್ಲರೂ ಕೇಳುತ್ತಾರೆ. ತಾಯಿ ಹಾಲಿನಿಂದ ಬಂದ ರಕ್ಷಣೆ ಮರಿಯ ಮೈಯಲ್ಲಿ ಕೆಲವು ವಾರ ಇರುತ್ತದೆ. ಅದು ಇರುವವರೆಗೆ ನಮ್ಮ ಲಸಿಕೆಯನ್ನೂ ಕೆಲಸ ಮಾಡಲು ಬಿಡುವುದಿಲ್ಲ. ಯಾವ ಮರಿಯಲ್ಲಿ ಯಾವ ವಾರ ಅದು ಇಳಿಯುತ್ತದೆ ಅಂತ ಹೊರಗಿನಿಂದ ತಿಳಿಯುವುದಿಲ್ಲ. ಅದಕ್ಕೇ ಮತ್ತೆ ಮತ್ತೆ ಹಾಕುವುದು. ರೇಬೀಸ್ ಲಸಿಕೆ ಮೂರು ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ.

ಮೇಷ್ಟ್ರೇ, ನಿಮ್ಮ ಪ್ರಶ್ನೆ ಸರಿಯಾದದ್ದೇ. ಪಾರ್ವೋ ಅನ್ನುವ ರೋಗ ಜಗತ್ತಿಗೆ ಗೊತ್ತಾದದ್ದೇ 1978ರ ಹೊತ್ತಿಗೆ. ನೀವು ಚಿಕ್ಕವರಿದ್ದಾಗ ಅದು ನಮ್ಮ ಹಳ್ಳಿಗಳಲ್ಲಿ ಇರಲೇ ಇಲ್ಲ. ಈಗ ಪ್ರತಿ ಬೀದಿಯ ಮಣ್ಣಿನಲ್ಲೂ ಇರಬಹುದು.

ರಂಗೋಲಿ ದಾವಣಗೆರೆ
ಎರಡನೇ ದಿನ, ಸಂಜೆ

ಮೇಡಂ, ನಿಮ್ಮ ಬರಹ ಓದಿದ ತಕ್ಷಣ ಮಗನನ್ನು ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಎರಡೂ ಇಂಜೆಕ್ಷನ್ ಆಯಿತು. ಅತ್ತೆ ಅರಿಶಿನ ಹಚ್ಚಲು ಡಬ್ಬಿ ತಂದಿದ್ದರು. ಹದಿನೈದು ನಿಮಿಷ ಸೋಪು ನೀರು ಅಂದಾಗ ಅವರೇ ನಲ್ಲಿ ಹತ್ತಿರ ನಿಂತು ಅವನ ಕೈ ಹಿಡಿದುಕೊಂಡರು.

ಕೆಂಚಿಗೆ ಹುಳದ ಔಷಧಿ ಆಯಿತು. ಇನ್ನೊಂದು ಕೇಳಬೇಕು. ನಮ್ಮ ಮನೆಯಲ್ಲಿ ಮೊಟ್ಟೆ, ಮಾಂಸ ಯಾವುದೂ ಇಲ್ಲ. ಬರೀ ಅನ್ನ ಮೊಸರಿನಲ್ಲಿ ಮರಿ ಬೆಳೆಯುತ್ತದಾ?

ಹರಿಹರ ಪಶುವೈದ್ಯೆ
ಎರಡನೇ ದಿನ, ರಾತ್ರಿ

ಬರೀ ಅನ್ನ ಮೊಸರು ಸಾಲದು, ಬೆಳೆಯುವ ಮೈಗೆ ಪ್ರೋಟೀನ್ ಬೇಕು. ಮರಿಗಳಿಗೆ ಅಂತಲೇ ಬರುವ ಒಣ ಆಹಾರದ ಪ್ಯಾಕೆಟ್ ತನ್ನಿ. ಬಿಸಿನೀರಲ್ಲಿ ನೆನೆಸಿ ದಿನಕ್ಕೆ ನಾಲ್ಕು ಸಲ ಕೊಡಿ. ಮೂರು ತಿಂಗಳಾದ ಮೇಲೆ ಮೂರು ಸಲ. ಜೊತೆಗೆ ಸ್ವಲ್ಪ ಪನೀರ್, ಬೆಂದ ಬೇಳೆ, ತೆಳ್ಳಗೆ ಮಾಡಿದ ರಾಗಿ ಗಂಜಿ ನಡೆಯುತ್ತದೆ. ಉಪ್ಪು ಖಾರ ಬೇಡ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು ಬೇಡವೇ ಬೇಡ, ಅದು ನಾಯಿಯ ರಕ್ತವನ್ನೇ ಕೆಡಿಸುತ್ತದೆ. ದ್ರಾಕ್ಷಿ, ಒಣದ್ರಾಕ್ಷಿ ಕಿಡ್ನಿಗೆ ವಿಷ. ಚಾಕೊಲೇಟ್ ಕೂಡ ವಿಷವೇ, ಮಗನಿಗೆ ಹೇಳಿಡಿ.

ಎಂಸಿಸಿ ಬಿ ಬ್ಲಾಕ್
ಮೂರನೇ ದಿನ

ಇಲ್ಲಿ ಬರೆಯಲೋ ಬೇಡವೋ ಅಂತ ಎರಡು ದಿನದಿಂದ ಯೋಚಿಸುತ್ತಿದ್ದೆ. ಬರೆಯುತ್ತೇನೆ.

ಹೋದ ವರ್ಷ ನಾವು ಒಂದು ಲ್ಯಾಬ್ರಡಾರ್ ಮರಿ ತಂದೆವು. ನಮಗೂ ಅದೇ ಮೊದಲು. ಮಾರಿದವರು ಎರಡು ತಿಂಗಳು ಅಂದರು, ಡಾಕ್ಟರು ಹಲ್ಲು ನೋಡಿ ಐದು ವಾರ ಇರಬಹುದು ಅಂದರು. ಒಂದು ಲಸಿಕೆ ಹಾಕಿಸಿದೆವು. ಇನ್ನೇನು ಭಯ ಇಲ್ಲ ಅಂದುಕೊಂಡು ಮಾರನೇ ದಿನವೇ ಕುಂದುವಾಡ ಕೆರೆಗೆ ಕರೆದುಕೊಂಡು ಹೋದೆವು. ಬೆಳಗಿನ ವಾಕಿಂಗಿಗೆ ಬಂದವರೆಲ್ಲ ಎತ್ತಿ ಮುದ್ದಾಡಿದರು. ಅದು ಹುಲ್ಲಿನಲ್ಲಿ ಮೂಗು ತೂರಿಸಿ ಎಲ್ಲ ಕಡೆ ಮೂಸಿತು.

ಒಂದು ವಾರ ಆಗಿತ್ತು. ಬೆಳಿಗ್ಗೆ ತಟ್ಟೆ ಹತ್ತಿರ ಬರಲಿಲ್ಲ. ಮಧ್ಯಾಹ್ನ ನೊರೆ ನೊರೆ ವಾಂತಿ. ಬಿಸಿಲಿಗೆ ಹೀಗಾಗಿದೆ ಅಂದುಕೊಂಡು ರಾತ್ರಿವರೆಗೆ ಕಾದೆವು. ರಾತ್ರಿ ರಕ್ತಭೇದಿ, ಆ ವಾಸನೆ ಇವತ್ತಿಗೂ ಮರೆತಿಲ್ಲ. ಡ್ರಿಪ್ ಹಾಕಿದರು, ಮೂರು ದಿನ ಹಾಕಿದರು. ನಾಲ್ಕನೇ ದಿನ ಬೆಳಿಗ್ಗೆ ನನ್ನ ಮಗಳ ಮಡಿಲಲ್ಲೇ ಹೋಯಿತು.

ಆ ಅರ್ಧ ದಿನ ನಾವು ಕಾಯಬಾರದಿತ್ತು. ನಿಮ್ಮ ಮರಿ ಊಟ ಬಿಟ್ಟು ಮಂಕಾಗಿ ಕೂತರೆ, ವಾಂತಿ ಆದರೆ, ಗಂಟೆಗಳ ಲೆಕ್ಕದಲ್ಲಿ ಓಡಿ. ದಿನಗಳ ಲೆಕ್ಕ ಬೇಡ. ಬೇರೇನೂ ಹೇಳಲಾರೆ.

ರಂಗೋಲಿ ದಾವಣಗೆರೆ
ಮೂರನೇ ದಿನ

ನಿಮ್ಮ ಮಗಳನ್ನು ನೆನೆದು ಕಣ್ಣೀರು ಬಂತು. ಬರೆದದ್ದಕ್ಕೆ ತುಂಬಾ ಥ್ಯಾಂಕ್ಸ್. ಕೆಂಚಿಯನ್ನು ಗೇಟಿನ ಆಚೆ ಬಿಡುವುದಿಲ್ಲ. ಆದರೆ ಮೇಡಂ, ನಾಲ್ಕು ತಿಂಗಳವರೆಗೆ ಮನೆ ಒಳಗೇ ಇಟ್ಟರೆ ಹೊರಗಿನವರನ್ನು ಕಂಡರೆ ಹೆದರುವ ನಾಯಿ ಆಗುವುದಿಲ್ಲವಾ?

ಹರಿಹರ ಪಶುವೈದ್ಯೆ
ಮೂರನೇ ದಿನ

ಆಗುತ್ತದೆ, ನೀವು ಕೇಳಿದ್ದು ಒಳ್ಳೆಯದಾಯಿತು. ಮೂರನೇ ವಾರದಿಂದ ಸುಮಾರು 14ನೇ ವಾರದವರೆಗೆ ಮರಿ ಏನೇನು ನೋಡುತ್ತದೋ ಅದೆಲ್ಲ ಅದಕ್ಕೆ ತನ್ನ ಲೋಕ. ಆಮೇಲೆ ಕಂಡದ್ದೆಲ್ಲ ಅನುಮಾನ. ಆದ್ದರಿಂದ ಎತ್ತಿಕೊಂಡು ಹೋಗಿ. ಕಾಲು ನೆಲಕ್ಕೆ ತಾಗಬಾರದು, ಬೀದಿನಾಯಿಗಳು ಮೂಸಬಾರದು, ಅಷ್ಟೇ. ಗೇಟಿನ ಹತ್ತಿರ ಮಡಿಲಲ್ಲಿ ಕೂರಿಸಿಕೊಂಡು ಹತ್ತು ನಿಮಿಷ ಆಟೋ, ತರಕಾರಿ ಗಾಡಿ, ಹೆಲ್ಮೆಟ್ ಹಾಕಿದವರು, ಕೊಡೆ ಹಿಡಿದವರು ಎಲ್ಲ ತೋರಿಸಿ. ಲಸಿಕೆ ಪೂರ್ತಿ ಆದ ದೊಡ್ಡ ನಾಯಿ ಗೊತ್ತಿರುವವರ ಮನೆಯಲ್ಲಿದ್ದರೆ ಅದರ ಜೊತೆ ಬಿಡಬಹುದು.

ನಿಟುವಳ್ಳಿ ಮೇಷ್ಟ್ರು
ಐದನೇ ದಿನ

ಪೇಪರಿನ ಬಗ್ಗೆ ನಾನು ಬರೆದದ್ದನ್ನು ಎರಡು ದಿನದಿಂದ ಯೋಚಿಸುತ್ತಿದ್ದೆ.

ನಮ್ಮ ಮನೆಯಲ್ಲಿ ಒಂದು ನಾಯಿ ಇತ್ತು, ಹನ್ನೊಂದು ವರ್ಷ ಬದುಕಿತು. ಚಿಕ್ಕದಿದ್ದಾಗ ಪೇಪರಿನಲ್ಲಿ ನಾಲ್ಕೈದು ಸಲ ಹೊಡೆದಿದ್ದೆ. ಉಚ್ಚೆ ಮಾಡುವುದು ನಿಲ್ಲಿಸಿತು ಅಂತ ನನ್ನ ಲೆಕ್ಕ. ನಿಂತಿರಲಿಲ್ಲ. ಮಂಚದ ಕೆಳಗೆ, ನನಗೆ ಕಾಣದ ಕಡೆ ಮಾಡುತ್ತಿತ್ತು ಅಂತ ನನ್ನ ಮನೆಯವಳು ಆಮೇಲೆ ಹೇಳಿದಳು. ಸದ್ದಿಲ್ಲದೆ ಒರೆಸುತ್ತಿದ್ದಳಂತೆ. ಇನ್ನೊಂದು ನಾನೇ ನೋಡಿದ್ದು. ದಿನಾ ಬೆಳಿಗ್ಗೆ ಕಾಫಿ ಹಿಡಿದು ಪೇಪರ್ ಬಿಡಿಸಿದರೆ ಅದು ನನ್ನ ಕಾಲ ಹತ್ತಿರದಿಂದ ಎದ್ದು ಹೋಗುತ್ತಿತ್ತು. ಹನ್ನೊಂದು ವರ್ಷವೂ ಎದ್ದು ಹೋಯಿತು. ನಾಯಿಗೆ ಪೇಪರ್ ಸದ್ದು ಆಗುವುದಿಲ್ಲ ಅಂದುಕೊಂಡಿದ್ದೆ.

ಅಮ್ಮಾ, ಹೊಡೆಯಬೇಡಿ.

ಕಲ್ಲಿನಕೋಟೆ
ಐದನೇ ದಿನ

ಮೇಷ್ಟ್ರೇ, ನೀವು ಬರೆದದ್ದು ಇಲ್ಲಿ ಓದುವ ಎಲ್ಲರಿಗೂ ಬೇಕಾಗಿತ್ತು.

ಅಕ್ಕಾ, ಉಚ್ಚೆ ವಿಷಯ ನನಗೆ ತಿಳಿದಷ್ಟು ಹೇಳುತ್ತೇನೆ. ಎರಡು ತಿಂಗಳ ಮರಿ ಎರಡು ಗಂಟೆಗಿಂತ ಜಾಸ್ತಿ ತಡೆಯಲಾರದು, ಎಚ್ಚರ ಇದ್ದಾಗ ಅಷ್ಟೂ ಇಲ್ಲ. ಅದು ಹಟ ಅಲ್ಲ, ಮೈಯೇ ಇನ್ನೂ ಅಷ್ಟು ಬೆಳೆದಿಲ್ಲ. ನಿದ್ದೆಯಿಂದ ಎದ್ದ ಕೂಡಲೇ, ಉಂಡ ಹತ್ತು ನಿಮಿಷಕ್ಕೆ, ಆಟ ನಿಲ್ಲಿಸಿದಾಗ, ಮಲಗುವ ಮುಂಚೆ, ಇಷ್ಟೂ ಸಲ ನಿಮ್ಮ ಕಾಂಪೌಂಡಿನೊಳಗೇ ಒಂದೇ ಜಾಗಕ್ಕೆ ಎತ್ತಿಕೊಂಡು ಹೋಗಿ. ಮಾತಾಡಿಸಬೇಡಿ, ಸುಮ್ನೆ ನಿಲ್ಲಿ. ಮಾಡಿದ ಕೂಡಲೇ, ಅಲ್ಲೇ ನಿಂತು, ಖುಷಿಯಿಂದ ಹೊಗಳಿ. ಒಳಗೆ ಬಂದ ಮೇಲೆ ಹೊಗಳಿದರೆ ಒಳಗೆ ಬಂದದ್ದಕ್ಕೆ ಅಂದುಕೊಳ್ಳುತ್ತದೆ. ಮೂಗು ನೆಲಕ್ಕೆ ಹಾಕಿ ಗಿರಗಿರ ಸುತ್ತಿದರೆ ಹೊತ್ತಾಯಿತು ಅಂತ ಅರ್ಥ.

ಒಳಗೆ ಮಾಡಿದ ಜಾಗದಲ್ಲಿ ವಾಸನೆ ಉಳಿದರೆ ಮತ್ತೆ ಅಲ್ಲೇ ಹೋಗುತ್ತದೆ. ನೀರಿಗೆ ವಿನೆಗರ್ ಹಾಕಿ ಒರೆಸಿ. ಫಿನಾಯಿಲ್ ಹಾಕಿದರೆ ನೆಲ ಒಣಗುವವರೆಗೆ ಮರಿಯನ್ನು ಬಿಡಬೇಡಿ, ಕಾಲು ನೆಕ್ಕಿಕೊಳ್ಳುತ್ತದೆ.

ಚಳ್ಳಕೆರೆ ಕುರಿಹಟ್ಟಿ
ಎಂಟನೇ ದಿನ

ನಮ್ಮ ಅಪ್ಪಂದು ಕುರಿ ಹಿಂಡು. ಕುರಿ ಕಾಯುವ ನಾಯಿಯನ್ನು ನಾವು ಹೀಗೆ ಮಾಡು ಹಾಗೆ ಮಾಡು ಅಂತ ಕಲಿಸುವುದಿಲ್ಲ. ಕಣ್ಣು ಬಿಟ್ಟು ಓಡಾಡುವಷ್ಟಾದಾಗ ಹಟ್ಟಿಯಲ್ಲಿ ಕುರಿಮರಿಗಳ ಜೊತೆ ಬಿಡುತ್ತೇವೆ. ಅವುಗಳ ಬೆಚ್ಚಗಿನ ಮೈಗೆ ಒರಗಿ ಮಲಗುತ್ತದೆ. ದೊಡ್ಡದಾದ ಮೇಲೆ ತೋಳ ಬಂದರೂ ಕುರಿ ಬಿಟ್ಟು ಹೋಗುವುದಿಲ್ಲ. ಮೇಡಂ ಹೇಳಿದ 14 ವಾರದ ಮಾತು ಓದಿ ನಮ್ಮಪ್ಪನಿಗೆ ಹೇಳಿದೆ, ಹೌದು ಮತ್ತೆ ಅಂದ.

ಬೀದಿ ಮರಿ ಕಲಿಯುತ್ತದಾ ಅನ್ನುವ ಚಿಂತೆ ಬೇಡ ಅಕ್ಕ. ನಮ್ಮ ನಾಡಿನ ಮುಧೋಳ ನಾಯಿಯನ್ನೇ 2016ರಲ್ಲಿ ಸೇನೆಯವರು ತರಬೇತಿಗೆ ಮೀರತ್‌ಗೆ ಒಯ್ದರು. ಅಲ್ಲಿಯವರೆಗೆ ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್ ಅಂತಲೇ ಇತ್ತು.

ಬೇಸಿಗೆ ಬಂತು, ಉಣ್ಣಿ ಜಾಸ್ತಿ. ದಿನಾ ಕಿವಿ ಒಳಗೆ, ಬೆರಳ ಸಂದಿ, ಕತ್ತಿನ ಕೆಳಗೆ ನೋಡಿ. ಚಿಮುಟದಲ್ಲಿ ಚರ್ಮಕ್ಕೆ ಹತ್ತಿರ ಹಿಡಿದು ನೇರ ಎಳೆಯಿರಿ. ಉಣ್ಣಿಯಿಂದ ಬರುವ ಜ್ವರ ನಾಯಿಯನ್ನು ಕೊಲ್ಲಲೂಬಹುದು. ಕಜ್ಜಿ ಆದರೆ ಗಾಡಿಯ ಸುಟ್ಟ ಆಯಿಲ್ ಹಚ್ಚು ಅಂತ ಹೇಳುವವರು ಬರುತ್ತಾರೆ. ಹಚ್ಚಬೇಡಿ. ನಮ್ಮ ಹಟ್ಟಿಯ ಒಂದು ನಾಯಿ ಅದನ್ನು ನೆಕ್ಕಿ ನೆಕ್ಕಿ ಸತ್ತಿತು.

ರಂಗೋಲಿ ದಾವಣಗೆರೆ
ಹದಿನಾರನೇ ದಿನ

ಭೇದಿ ನಿಂತಿತು, ಮೊದಲ ಲಸಿಕೆ ಆಯಿತು. ಕೌದಿ ಹಾಕಿ ನನ್ನ ಪಕ್ಕ ಮಲಗಿಸಿದ ಮೊದಲ ರಾತ್ರಿಯೇ ಅಳು ಅರ್ಧಕ್ಕರ್ಧ ಇಳಿಯಿತು. ಈಗ ರಾತ್ರಿ ಒಂದು ಸಲ ಮಾತ್ರ ಏಳುತ್ತಾಳೆ.

ಕಷ್ಟ ಇರುವುದು ಬೆಳಿಗ್ಗೆ. ಐದು ಗಂಟೆಗೆ ಕುಂಯ್ ಅನ್ನುತ್ತಾಳೆ. ನಾನು ಎದ್ದು ಕೂದಲು ಕಟ್ಟುವಷ್ಟರಲ್ಲಿ ಪಡಸಾಲೆ ಒದ್ದೆ. ಮನೆಯಲ್ಲಿ ಆ ಹೊತ್ತಿಗೆ ಎದ್ದಿರುವವರು ಅತ್ತೆ ಒಬ್ಬರೇ. ನಾಲ್ಕೂವರೆಗೆ ಎದ್ದು ಅಂಗಳಕ್ಕೆ ನೀರು ಹಾಕುವುದು ಅವರ ನಲವತ್ತು ವರ್ಷದ ರೂಢಿ. ಅವರಿಗೆ ಹೇಳುವ ಧೈರ್ಯ ನನಗಿರಲಿಲ್ಲ. ಮೊನ್ನೆ ಎದ್ದು ನೋಡಿದರೆ ಡಬ್ಬ ಖಾಲಿ, ಮುಂಬಾಗಿಲು ತೆರೆದಿದೆ. ಅತ್ತೆ ಒಂದು ಕೈಯಲ್ಲಿ ನೀರಿನ ಚರಿಗೆ ಹಿಡಿದು ನಿಂತಿದ್ದಾರೆ. ಕೆಂಚಿ ಪಾರಿಜಾತದ ಬುಡದಲ್ಲಿ ಕೂತು ಮುಗಿಸುತ್ತಿದ್ದಾಳೆ. ಅತ್ತೆ "ಹೂಂ, ಆಯ್ತಾ, ಇಲ್ಲೇ ಕೂರು" ಅಂದರು. ನನ್ನನ್ನು ನೋಡಿ "ಎತ್ತಿಕೊಂಡಿಲ್ಲ, ಅದೇ ಹಿಂದೆ ಬಂತು" ಅಂದರು.

ಈಗ ದಿನಾ ಅದೇ. ಕಚ್ಚುವುದು ಮಾತ್ರ ಕಡಿಮೆ ಆಗಿಲ್ಲ.

ಕಲ್ಲಿನಕೋಟೆ
ಹದಿನಾರನೇ ದಿನ

ಹೊತ್ತು ತಪ್ಪದವರು ಒಬ್ಬರು ಮನೆಯಲ್ಲಿದ್ದರೆ ಅರ್ಧ ಕೆಲಸ ಮುಗಿದಂತೆ. ನಿಮ್ಮ ಪುಣ್ಯ ಅಕ್ಕ.

ಕಚ್ಚುವುದು ಇನ್ನೂ ಕೆಲವು ತಿಂಗಳು ಇರುತ್ತದೆ. 28 ಹಾಲುಹಲ್ಲು ಇವೆ, ನಾಲ್ಕು ತಿಂಗಳಿಂದ ಅವು ಬಿದ್ದು 42 ಹೊಸ ಹಲ್ಲು ಬರುತ್ತವೆ. ಒಸಡು ತುರಿಸುತ್ತದೆ. ಒದ್ದೆ ಬಟ್ಟೆಗೆ ಗಂಟು ಹಾಕಿ ಫ್ರೀಜರಿನಲ್ಲಿಟ್ಟು ಕೊಡಿ. ಕೈ ಕಚ್ಚಿದರೆ ಆಟ ಅಲ್ಲಿಗೇ ನಿಲ್ಲಬೇಕು. ಬೈಗುಳ ಬೇಡ, ಎದ್ದು ಬೆನ್ನು ತಿರುಗಿಸಿ ಅರ್ಧ ನಿಮಿಷ. ಸೀರೆ ಅಂಚು ಹಿಡಿದರೆ ಎಳೆಯಬೇಡಿ, ನಿಂತುಬಿಡಿ. ಎಳೆದರೆ ಅದಕ್ಕೆ ಆಟ. ಮಗನಿಗೆ ಓಡಬೇಡ, ಕಿರುಚಬೇಡ ಅನ್ನಿ. ಒಬ್ಬರು ಹೀಗೆ ಮಾಡಿ ಇನ್ನೊಬ್ಬರು ಕೈಯಲ್ಲೇ ಆಡಿಸಿದರೆ ಕಲಿಯುವುದಿಲ್ಲ, ಮನೆ ಪೂರ್ತಿ ಒಂದೇ ಥರ ಇರಬೇಕು. ಚರ್ಮ ಹರಿದರೆ ಮಾತ್ರ ಮತ್ತೆ ಸೋಪು, ನೀರು, ಡಾಕ್ಟರು.

ಕೂರು, ಬಾ ಅಂತ ಕಲಿಸಲು ನಿಮ್ಮೂರಿನ ಮಂಡಕ್ಕಿಯೇ ಸಾಕು. ಖಾರ ಮಂಡಕ್ಕಿ ಅಲ್ಲ, ಒಣದು. ಒಂದೊಂದೇ ಕಾಳು. ಅದರಲ್ಲೂ ಸ್ವಲ್ಪ ಉಪ್ಪು ಇರುತ್ತದೆ, ಹತ್ತು ಹನ್ನೆರಡು ಕಾಳು ಮೀರಬೇಡಿ. ಕಾಳನ್ನು ಮೂಗಿನಿಂದ ತಲೆ ಮೇಲಕ್ಕೆ ನಿಧಾನ ಒಯ್ದರೆ ಕತ್ತು ಎತ್ತುತ್ತಾ ತಾನೇ ಕೂರುತ್ತದೆ. ಕೂತ ಕ್ಷಣ ಬಾಯಿಗೆ. ಮೂರು ನಿಮಿಷ ಸಾಕು, ದಿನಕ್ಕೆ ಎರಡು ಸಲ.

ರಂಗೋಲಿ ದಾವಣಗೆರೆ
ನಲವತ್ತೆರಡನೇ ದಿನ

ಯುಗಾದಿ ಶುಭಾಶಯ ಎಲ್ಲರಿಗೂ. ತಡವಾಗಿ ಬರೆಯುತ್ತಿದ್ದೇನೆ.

ಮಗನ ಇಂಜೆಕ್ಷನ್ ಎಲ್ಲ ಮುಗಿಯಿತು. ಕೆಂಚಿಗೆ ಎರಡನೇ ಲಸಿಕೆ ಮತ್ತು ರೇಬೀಸ್ ಆಯಿತು, ಕೊನೆಯದು ಇನ್ನೆರಡು ವಾರಕ್ಕೆ. ಅದಾದ ಮೇಲೆ ಹೊರಗೆ ನಡೆಸಬೇಕು. ಮುಂಗೈ ತಿರುಗಿಸಿ ರಸ್ತೆ ಮೇಲೆ ಇಟ್ಟು ನೋಡಿದೆ, ಬೆಳಿಗ್ಗೆ ಒಂಬತ್ತೂವರೆಗೇ ಐದು ಎಣಿಸುವಷ್ಟರಲ್ಲಿ ಕೈ ಎತ್ತಬೇಕಾಯಿತು. ಹಾಗಾಗಿ ಏಳರ ಒಳಗೇ ಹೋಗಿಬರುತ್ತೇವೆ. ಆರು ತಿಂಗಳಾಗುವ ಹೊತ್ತಿಗೆ, ಬೆದೆಗೆ ಬರುವ ಮುಂಚೆ, ಆಪರೇಷನ್ ಮಾಡಿಸುವ ಬಗ್ಗೆ ಡಾಕ್ಟರ ಹತ್ತಿರ ಮಾತಾಡಿದ್ದೇವೆ. ಇನ್ನೊಂದು ಮರಿ ಮರಳಿನ ಮೇಲೆ ಉಳಿಯುವುದು ಬೇಡ.

ಹತ್ತು ದಿನವಾಯಿತು, ಒಳಗೆ ಒಂದು ಸಲವೂ ಉಚ್ಚೆ ಮಾಡಿಲ್ಲ. ಅತ್ತೆ ಅಡುಗೆಮನೆ ಹೊಸ್ತಿಲು ದಾಟಲು ಈಗಲೂ ಬಿಡುವುದಿಲ್ಲ, ಅದು ಅವರ ನಿಯಮ. ಕೆಂಚಿಗೂ ಗೊತ್ತಾಗಿದೆ, ಹೊಸ್ತಿಲಿಗೆ ಗದ್ದ ಒರಗಿಸಿ ಮಲಗುತ್ತಾಳೆ. ಬೆಳಿಗ್ಗೆ ಅತ್ತೆ ರಂಗೋಲಿ ಹಾಕುವಾಗ ಮೊದಮೊದಲು ಚುಕ್ಕಿಗಳನ್ನೆಲ್ಲ ತುಳಿಯುತ್ತಿದ್ದಳು. ಈಗ ಎಳೆ ಮುಗಿಯುವವರೆಗೆ ಮೆಟ್ಟಿಲ ಮೇಲೆ ಕೂರುತ್ತಾಳೆ. ಇವತ್ತು ಹಬ್ಬದ ದೊಡ್ಡ ರಂಗೋಲಿ, ಮುಕ್ಕಾಲು ಗಂಟೆ ಹಿಡಿಯಿತು. ತಡೆಯಲಾರದೆ ಒಮ್ಮೆ ಬಟ್ಟಲಿಗೇ ಮೂಗು ಹಾಕಿ ಬೆಳ್ಳಗೆ ಮಾಡಿಕೊಂಡಳು. ಅತ್ತೆ ಸೆರಗಿನಿಂದ ಒರೆಸಿದರು. ಅವರು ಅವಳನ್ನು ಮುಟ್ಟಿದ್ದು ನಾನು ನೋಡಿದ್ದು ಅದೇ ಮೊದಲು.

ಮೇಡಂ, ಒಂದು ಪ್ರಶ್ನೆ. ಅತ್ತೆ ಕೇಳು ಅಂದಿದ್ದಾರೆ. ಹೋಳಿಗೆ ಒಂದು ಚೂರು ಕೊಡಬಹುದಾ?

ಹರಿಹರ ಪಶುವೈದ್ಯೆ
ನಲವತ್ತೆರಡನೇ ದಿನ

ಉಗುರಿನಷ್ಟು. ತುಪ್ಪ ಹಾಕದೆ. ಒಣದ್ರಾಕ್ಷಿ ಬಿದ್ದ ಪಾಯಸ ಮಾತ್ರ ಬೇಡ. ನಿಮ್ಮ ಅತ್ತೆಗೆ ನನ್ನ ನಮಸ್ಕಾರ ಹೇಳಿ.